ಹಳೇ ಮನೆ ಹಜಾರದ ಯೋಗ ತರಗತಿ: ಆರು ತಿಂಗಳು ಕಾಲಗಲಿಸಿ ಬಗ್ಗಿದ ಮೇಲೆ ಬರೆಯುತ್ತಿದ್ದೇನೆ

ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ ಒಂದು ಹಳೇ ಮನೆಯ ಹಜಾರದಲ್ಲಿ ವಾರಕ್ಕೆ ಮೂರು ದಿನ, ಬೆಳಿಗ್ಗೆ 5.45ಕ್ಕೆ ಯೋಗ ತರಗತಿ ನಡೆಯುತ್ತದೆ. ಬೋರ್ಡ್ ಇಲ್ಲ. ಒಟ್ಟು ಒಂಬತ್ತು ಜನ. ಹೇಳಿಕೊಡುವವರಿಗೆ ಅರವತ್ತು ದಾಟಿದೆ. "ನನ್ನ ಹೆಸರು ಎಲ್ಲೂ ಹಾಕಬೇಡಮ್ಮ, ಇರೋರಿಗೇ ಜಾಗ ಸಾಲ್ತಿಲ್ಲ" ಅಂದಿದ್ದಾರೆ. ಅದಕ್ಕೇ ಹೆಸರು ಬರೆಯುವುದಿಲ್ಲ. ಆದರೆ ತರಗತಿ ಬಗ್ಗೆ ಬರೆಯದೆ ಇರಲು ಆಗಲಿಲ್ಲ. ಯೋಗ ತರಗತಿಗೆ ಸೇರುವ ಮುಂಚೆ ಏನು ನೋಡಬೇಕು, ಯಾರ ಕೈಗೆ ನಮ್ಮ ಮೈ ಕೊಡಬೇಕು ಅನ್ನೋದು ನನಗೆ ಇಲ್ಲಿಗೆ ಬಂದ ಮೇಲೇ ಗೊತ್ತಾಗಿದ್ದು.

ಇಲ್ಲಿ ಎಲ್ಲ ಆಸನಗಳನ್ನೂ ಮಾಡಿಸುತ್ತಾರೆ. ನಾನು ಬರೆಯುತ್ತಿರುವುದು ಒಂದರ ಬಗ್ಗೆ ಮಾತ್ರ. ಪ್ರಸಾರಿತ ಪಾದೋತ್ತಾನಾಸನ. ಹೆಸರು ಉದ್ದ ಇದೆ, ಕೆಲಸ ಇಷ್ಟೇ: ಕಾಲು ಅಗಲಿಸಿ ನಿಂತು ಮುಂದಕ್ಕೆ ಬಗ್ಗುವುದು.

ನನಗೆ 46. ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುವ ಕೆಲಸ. 21 ವರ್ಷ ಕುರ್ಚಿ ಮೇಲೆ ಕೂತಿದ್ದೇನೆ. ಬಗ್ಗಿದರೆ ತೊಡೆಯ ಹಿಂದೆ ಯಾರೋ ಹಗ್ಗ ಕಟ್ಟಿ ಎಳೆದ ಹಾಗೆ ಆಗುತ್ತಿತ್ತು. ಬೆಳಿಗ್ಗೆ ಬಾಗಿಲ ಮುಂದೆ ಏಳು ಚುಕ್ಕಿ ರಂಗೋಲಿ ಹಾಕುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತಿತ್ತು. ಆಮೇಲೆ ಮಣೆ ಹಾಕಿಕೊಂಡು ಕೂತು ಹಾಕಲು ಶುರು ಮಾಡಿದೆ. ಆಮೇಲೆ ಅದೂ ಬಿಟ್ಟೆ, ಸ್ಟಿಕ್ಕರ್ ಅಂಟಿಸಿದೆ. ಪ್ರತಿ ದಿನ ಆ ಸ್ಟಿಕ್ಕರ್ ದಾಟಿ ಆಫೀಸಿಗೆ ಹೊರಡುವಾಗ ಮನಸ್ಸಿಗೆ ಒಂಥರಾ ಆಗುತ್ತಿತ್ತು.

ಇದಕ್ಕೂ ಮುಂಚೆ ಬೇರೆ ಒಂದು ಕಡೆ ಸೇರಿದ್ದೆ. ದೊಡ್ಡ ಹಾಲ್, ಕನ್ನಡಿ, ಮೈಕು, ಒಂದು ಬ್ಯಾಚಿಗೆ ಮೂವತ್ತಕ್ಕಿಂತ ಜಾಸ್ತಿ ಜನ. ಮೂರನೇ ವಾರ ಇದೇ ಆಸನ ಮಾಡುವಾಗ ಹೇಳಿಕೊಡುವವರು ಹಿಂದಿನಿಂದ ಬಂದು ಬೆನ್ನಿನ ಮೇಲೆ ಎರಡು ಕೈ ಇಟ್ಟು ಒತ್ತಿದರು. "ಇನ್ನೂ ಹೋಗುತ್ತೆ, ಬಿಡಿ ಮೇಡಂ" ಅಂದರು. ಎಡಗಡೆ ಪೃಷ್ಠದ ಕೆಳಗೆ, ಕೂತಾಗ ನೆಲಕ್ಕೆ ತಾಗುವ ಮೂಳೆ ಇದೆಯಲ್ಲ, ಅಲ್ಲಿ ಚುಳ್ ಅಂತು. ಆವತ್ತು ಏನೂ ಅನ್ನಿಸಲಿಲ್ಲ. ಎರಡು ದಿನ ಬಿಟ್ಟು ಸ್ಕೂಟರ್ ಸೀಟಿನ ಮೇಲೆ ಕೂರಲು ಆಗಲಿಲ್ಲ. ಐದು ತಿಂಗಳು ಅದೇ ನೋವು. ಆಫೀಸಿನಲ್ಲಿ ಒಂದು ಕಡೆ ವಾಲಿಕೊಂಡು ಕೂರುತ್ತಿದ್ದೆ. ಕೊನೆಗೆ ಫಿಸಿಯೋಥೆರಪಿಸ್ಟ್ ಹತ್ತಿರ ಹೋದಾಗ ಅವರು ಹೇಳಿದ ಮಾತು ಕೇಳಿ ನನಗೆ ಗಾಬರಿಯೇ ಆಯಿತು: "ತೊಡೆ ಹಿಂದಿನ ಸ್ನಾಯುಗಳು ಶುರುವಾಗುವುದೇ ಆ ಮೂಳೆಯಿಂದ. ನೀವು ಎಳೆದಿರುವುದು ಸ್ನಾಯುವನ್ನಲ್ಲ, ಅದು ಮೂಳೆಗೆ ಅಂಟಿಕೊಂಡಿರುವ ಜಾಗವನ್ನು. ಸದ್ಯಕ್ಕೆ ಎಳೆಯಲೇಬೇಡಿ. ಮೊದಲು ಗಟ್ಟಿ ಮಾಡಿ."

ಇದನ್ನು ಇಷ್ಟು ಬಿಡಿಸಿ ಬರೆಯಲು ಕಾರಣ ಇದೆ. ಬಗ್ಗುವಾಗ ತೊಡೆಯ ಮಧ್ಯದಲ್ಲಿ, ಮಾಂಸ ಇರುವ ಕಡೆ ಎಳೆತ ಬಂದರೆ ಪರವಾಗಿಲ್ಲ. ಮೇಲೆ ಮೂಳೆ ಹತ್ತಿರ ಚುಚ್ಚಿದರೆ, ಅಥವಾ ಮಂಡಿಯ ಹಿಂದಿನ ಗುಳಿಯಲ್ಲಿ ನೋವು ಬಂದರೆ ನಿಲ್ಲಿಸಬೇಕು. ಇಷ್ಟು ಮಾತನ್ನು ಮೊದಲ ದಿನವೇ ಯಾರಾದರೂ ಹೇಳಿದ್ದರೆ ನನ್ನ ಐದು ತಿಂಗಳು ಉಳಿಯುತ್ತಿತ್ತು.

ಈ ಹಜಾರದ ತರಗತಿಗೆ ಸಂಕ್ರಾಂತಿ ಕಳೆದ ಮೇಲೆ ಬಂದೆ. ಮೊದಲ ದಿನ ಟೀಚರ್ ಯಾವ ಆಸನವನ್ನೂ ಮಾಡಿಸಲಿಲ್ಲ. ನನ್ನ ಕಥೆ ಪೂರ್ತಿ ಕೇಳಿದರು. ಆಮೇಲೆ ಒಳಗೆ ಹೋಗಿ ಜೇಡರ ಬಲೆ ತೆಗೆಯುವ ಕೋಲು ತಂದರು, ತುದಿಯ ಪೊರಕೆ ಬಿಚ್ಚಿ. ಆ ಕೋಲನ್ನು ನನ್ನ ಬೆನ್ನ ಹಿಂದೆ ಉದ್ದಕ್ಕೆ ಇಟ್ಟರು. ತಲೆಯ ಹಿಂಭಾಗ, ಎರಡು ಹೆಗಲಿನ ನಡುವಿನ ಬೆನ್ನು, ಸೊಂಟದ ಕೆಳಗಿನ ಮೂಳೆ, ಈ ಮೂರೂ ಕೋಲಿಗೆ ತಾಗಿರಬೇಕು. "ಈಗ ನಿಧಾನ ಬಗ್ಗು. ಕೋಲು ಎಲ್ಲಿ ಬಿಡುತ್ತೋ ಅಲ್ಲಿ ನಿಲ್ಲು." ಬಗ್ಗಿದೆ. ಒಂದು ಗೇಣು ಹೋಗಿರಬೇಕು ಅಷ್ಟೇ, ಕೆಳಗಿನ ಮೂಳೆ ಕೋಲಿನಿಂದ ಜಾರಿತು. ಅವರು ಕೋಲು ಹಾಗೇ ಹಿಡಿದುಕೊಂಡು ಹೇಳಿದರು: "ನೋಡಮ್ಮ, ನೀನು ನಿಜವಾಗಿ ಬಗ್ಗೋದು ಇಷ್ಟೇ. ಇನ್ನು ಮುಂದೆ ಹೋಗೋದೆಲ್ಲ ಬೆನ್ನು ಗೂನು ಮಾಡಿಕೊಂಡು ಹೋಗೋದು. ಅಲ್ಲೇ ನಿನ್ನ ಸೊಂಟ ಹಿಡಿದುಕೊಳ್ಳೋದು."

ಇಷ್ಟು ವರ್ಷ ನಾನು ಬಗ್ಗುವುದು ಅಂದರೆ ಹೊಟ್ಟೆ ಹತ್ತಿರ ಮಡಚುವುದು ಅಂದುಕೊಂಡಿದ್ದೆ. ಬಗ್ಗಬೇಕಾದ್ದು ಅಲ್ಲಲ್ಲ. ತೊಡೆ ಮತ್ತು ಹೊಟ್ಟೆ ಸೇರುವ ತೊಡೆಸಂದಿನಲ್ಲಿ. ಪೃಷ್ಠ ಹಿಂದಕ್ಕೂ ಮೇಲಕ್ಕೂ ಹೋಗಬೇಕು, ಎದೆ ಮುಂದಕ್ಕೆ ಹೋಗಬೇಕು, ಬೆನ್ನು ಹಲಗೆಯ ಹಾಗೆ ಇರಬೇಕು.

"ನಾಟಿ ಹಾಕೋರನ್ನು ನೋಡಿದೀಯಾ?" ಅಂತ ಕೇಳಿದರು. ನನ್ನ ತವರು ಮಂಡ್ಯದ ಕಡೆ. ನೋಡದೆ ಏನು. ಕೆಸರಿನಲ್ಲಿ ಕಾಲು ಅಗಲಿಸಿ ನಿಂತು, ಎಡಗೈಯಲ್ಲಿ ಪೈರಿನ ಕಟ್ಟು, ಬಲಗೈಯಲ್ಲಿ ನೆಡುತ್ತಾ ಹಿಂದಕ್ಕೆ ಹಿಂದಕ್ಕೆ ಬರುವ ಹೆಂಗಸರು. ನಮ್ಮಮ್ಮನೂ ಹಾಕಿದವಳೇ. ಅವರು ಬಗ್ಗೋದು ಪೂರ್ತಿ ಸೊಂಟದ ಕೀಲಿನಿಂದ. ದಿನವಿಡೀ ಆ ಕೆಲಸ ಮಾಡಿದವರಿಗೆ ನೋವು ಇರಲಿಲ್ಲ ಅಂತ ನಾನು ಹೇಳುವುದಿಲ್ಲ, ಅಮ್ಮ ರಾತ್ರಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದದ್ದು ಕಣ್ಣಮುಂದಿದೆ. ಆದರೆ ಬಗ್ಗುವ ರೀತಿ ಮಾತ್ರ ಅದೇ. ಆ ಒಂದು ಮಾತಿನಿಂದ ನನ್ನ ಮೈಗೆ ಇಡೀ ಆಸನ ಅರ್ಥವಾಯಿತು. ಚಿತ್ರ ನೋಡಿ, ವಿಡಿಯೋ ನೋಡಿ ಆಗದೇ ಇದ್ದದ್ದು.

ಮಾಡುವ ಕ್ರಮ ಹೀಗೆ. ಮ್ಯಾಟಿನ ಉದ್ದಕ್ಕೆ ಕಾಲು ಅಗಲಿಸಬೇಕು. ಎಷ್ಟು ಅಂದರೆ ಅವರವರ ಕಾಲಿನ ಉದ್ದಕ್ಕೆ ತಕ್ಕಷ್ಟು. ನನಗೆ ಮೂರೂವರೆ ಅಡಿ ಸಾಕು, ಪಕ್ಕದ ಮ್ಯಾಟಿನ ಎತ್ತರದ ಹುಡುಗನಿಗೆ ನಾಲ್ಕೂವರೆ ಬೇಕು. ಪಾದಗಳು ರೈಲು ಹಳಿಯ ಹಾಗೆ ಸಮ ಇರಬೇಕು, ಬೆರಳು ಹೊರಕ್ಕೆ ತಿರುಗಬಾರದು. ಹೊಸಬರು ಎಲ್ಲರೂ ಮಾಡುವ ತಪ್ಪು ಅದೇ. ಪಾದದ ಒಳ ಅಂಚಿನ ಮೇಲೆ ಭಾರ ಬಿಟ್ಟು ಪಾದ ಒಳಕ್ಕೆ ಕುಸಿಯಲು ಬಿಡಬಾರದು, ಹೊರ ಅಂಚನ್ನು ನೆಲಕ್ಕೆ ಒತ್ತಬೇಕು. ತೊಡೆಯ ಮುಂಭಾಗ ಬಿಗಿ ಮಾಡಿದರೆ ಮಂಡಿಚಿಪ್ಪು ಸ್ವಲ್ಪ ಮೇಲಕ್ಕೆ ಏರುತ್ತದೆ, ಕೈಯಿಟ್ಟು ನೋಡಿದರೆ ಗೊತ್ತಾಗುತ್ತದೆ. ಉಸಿರು ತೆಗೆದುಕೊಂಡು ಎದೆ ಎತ್ತಿ, ಉಸಿರು ಬಿಡುತ್ತಾ ಬೆನ್ನು ನೇರ ಇಟ್ಟುಕೊಂಡೇ ಅರ್ಧಕ್ಕೆ ಬಗ್ಗಬೇಕು. ಕೈ ಭುಜದ ನೇರಕ್ಕೆ ಕೆಳಗೆ. ಅಲ್ಲಿ ನಿಂತು ಮತ್ತೊಂದು ಉಸಿರು, ಬೆನ್ನು ಇನ್ನೂ ಉದ್ದ. ಅದು ಆದ ಮೇಲೆ ಮಾತ್ರ ತಲೆ ಕೆಳಗೆ ಬಿಡುವುದು. ಐದು ಉಸಿರು. ಏಳುವಾಗ ಕೈ ಸೊಂಟಕ್ಕೆ ತಂದು, ಉಸಿರು ತೆಗೆದುಕೊಳ್ಳುತ್ತಾ, ಬಗ್ಗಿದ ಹಾಗೇ ನೇರ ಬೆನ್ನಿನಲ್ಲಿ ಏಳಬೇಕು. ಗಬಕ್ಕನೆ ಎದ್ದರೆ ತಲೆ ಸುತ್ತುತ್ತದೆ.

ಮೊದಲ ಎರಡು ತಿಂಗಳು ನನಗೆ ಆ ಅರ್ಧದ ಆಚೆ ಬಿಡಲೇ ಇಲ್ಲ. ಅದೇ ಈ ತರಗತಿಯ ದೊಡ್ಡ ಗುಣ. ಶುರುವಿನಲ್ಲಿ ಊಟದ ಮನೆಯ ಮರದ ಕುರ್ಚಿ ಮುಂದಿಟ್ಟು, ಅದರ ಮೇಲೆ ಕೈ. ಮೂರನೇ ವಾರ ಕುರ್ಚಿ ಹೋಯಿತು, ಗಿಡ್ಡ ಸ್ಟೂಲ್ ಬಂತು. ಆಮೇಲೆ ಇಟ್ಟಿಗೆ. ಇಟ್ಟಿಗೆ ಅಂದರೆ ನಿಜವಾದ ಇಟ್ಟಿಗೆಯೇ, ಹಳೇ ಕಾಟನ್ ಸೀರೆ ಸುತ್ತಿ ಹೊಲಿಗೆ ಹಾಕಿದ್ದಾರೆ. ಎರಡು ಕೈಗೂ ಮೂರು ಮೂರು. ನಾನು ಬರುವ ಮುಂಚೆಯೇ ನನ್ನ ಮ್ಯಾಟಿನ ಮುಂದೆ ಜೋಡಿಸಿಟ್ಟಿರುತ್ತಿದ್ದರು. ಒಂದು ದಿನ ಬಗ್ಗಿ ನೋಡಿದರೆ ಎರಡೇ ಇವೆ. ಅವರು ಏನೂ ಹೇಳಿರಲಿಲ್ಲ. ಕೈ ತಾಗಿತು. ಬೆನ್ನು ಹಾಗೇ ಇತ್ತು. ಆವತ್ತಿನ ಖುಷಿ ಈಗಲೂ ನೆನಪಿದೆ, ಸೀರೆಯ ಅಂಚಿನಲ್ಲಿ ಮಾವಿನಕಾಯಿ ಬುಟ್ಟಾ ಇತ್ತು, ಅದರ ಮೇಲೇ ಕಣ್ಣಿಟ್ಟು ಐದು ಉಸಿರು ಎಣಿಸಿದೆ.

ನೆಲ ನಮ್ಮ ಹತ್ತಿರ ಬರಬೇಕು, ನಾವು ನೆಲಕ್ಕೆ ಬೀಳಬಾರದು ಅನ್ನೋದು ಅವರ ಲೆಕ್ಕ. ನೆತ್ತಿ ನೆಲಕ್ಕೆ ಮುಟ್ಟಿತಾ ಅಂತ ಆರು ತಿಂಗಳಲ್ಲಿ ಒಂದು ದಿನವೂ ಕೇಳಿಲ್ಲ. ಕೇಳೋದು ಎರಡೇ: ಉಸಿರು ಸರಾಗ ಇದೆಯಾ, ನೋವು ಎಲ್ಲಿ ಬರ್ತಿದೆ. ಮುಟ್ಟುವ ಮುಂಚೆ ಪ್ರತಿ ಸಲ ಕೇಳುತ್ತಾರೆ, ಮುಟ್ಟಿದರೂ ಒತ್ತುವುದಿಲ್ಲ. ಸೊಂಟದ ಮೂಳೆಯ ಮೇಲೆ ಎರಡು ಬೆರಳಿಟ್ಟು "ಇದನ್ನ ಹಿಂದಕ್ಕೆ ಕಳಿಸು" ಅನ್ನುತ್ತಾರೆ, ಅಷ್ಟೇ. ಹಿಂದಿನ ಕಡೆ ಪೆಟ್ಟು ತಿಂದಿದ್ದ ನನಗೆ ಆ ಎರಡು ಬೆರಳಿನ ಬೆಲೆ ಗೊತ್ತು.

ಮೈಸೂರಿನವರಿಗೆ ಇದರ ಹಿಂದಿನ ಕಥೆ ಸ್ವಲ್ಪ ಗೊತ್ತಿರುತ್ತದೆ. 1930ರ ದಶಕದಲ್ಲಿ ನಾಲ್ವಡಿಯವರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸುತ್ತಿದ್ದರು. ಹಾಸನದ ಹತ್ತಿರದ ಕೌಶಿಕ ಊರಿನ ಪಟ್ಟಾಭಿ ಜೋಯಿಸರು, ಕೋಲಾರದ ಕಡೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್‌ ಅವರು, ಇಬ್ಬರೂ ಅವರ ಶಿಷ್ಯರು. ಜೋಯಿಸರು 1948ರಲ್ಲಿ ಲಕ್ಷ್ಮೀಪುರಂನಲ್ಲಿ ತಮ್ಮ ಸಂಸ್ಥೆ ಶುರು ಮಾಡಿದರು, ಆಮೇಲೆ ಅದು ಗೋಕುಲಂಗೆ ಹೋಯಿತು, ಹೊರದೇಶದವರು ಬಂದು ತಿಂಗಳುಗಟ್ಟಲೆ ಇರುವುದು ಅದಕ್ಕೇ. ಅಯ್ಯಂಗಾರ್‌ ಅವರು ಪುಣೆಗೆ ಹೋದರು. ಈ ಒಂದೇ ಆಸನವನ್ನು ಇಬ್ಬರ ಪದ್ಧತಿಯಲ್ಲಿ ನೋಡಿದರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಜೋಯಿಸರ ಅಷ್ಟಾಂಗ ಕ್ರಮದಲ್ಲಿ ಇದು ನಾಲ್ಕು ಥರ ಬರುತ್ತದೆ: ಕೈ ನೆಲಕ್ಕೆ, ಕೈ ಸೊಂಟಕ್ಕೆ, ಕೈ ಬೆನ್ನ ಹಿಂದೆ ಹೆಣೆದು ತಲೆಯ ಮೇಲಿಂದ ಮುಂದಕ್ಕೆ, ಕಾಲಿನ ಹೆಬ್ಬೆರಳು ಹಿಡಿದು. ಒಂದೊಂದಕ್ಕೆ ಐದು ಉಸಿರು. ಅಯ್ಯಂಗಾರ್‌ ಪದ್ಧತಿಯಲ್ಲಿ ಇಟ್ಟಿಗೆ, ಬೆಲ್ಟು, ಕುರ್ಚಿ, ಹಗ್ಗ ಎಲ್ಲ ಇಟ್ಟುಕೊಂಡು ಜಾಸ್ತಿ ಹೊತ್ತು ನಿಲ್ಲಿಸುತ್ತಾರೆ. ನಮ್ಮ ಟೀಚರ್ ಉಸಿರಿನ ಎಣಿಕೆ ಜೋಯಿಸರ ಕ್ರಮದಿಂದ ತಗೊಂಡಿದ್ದಾರೆ, ಇಟ್ಟಿಗೆ ಅಯ್ಯಂಗಾರ್‌ ಪದ್ಧತಿಯಿಂದ. ಹಾಗೆ ಬೆರೆಸಬಾರದು ಅನ್ನುವವರು ಇದ್ದಾರೆ. ನನ್ನಂಥ ಬಿಗಿ ಮೈಯವರಿಗೆ ಎರಡೂ ಬೇಕು ಅನ್ನೋದು ನನ್ನ ಅನುಭವ.

ಇನ್ನೊಂದು ವಿಷಯ. ಎಲ್ಲರಿಗೂ ಒಟ್ಟಿಗೆ ಮೈಕಿನಲ್ಲಿ ಹೇಳುವುದಿಲ್ಲ. ಅವರವರ ಆಸನ ಅವರವರು ಮಾಡುತ್ತಿರುತ್ತಾರೆ, ಟೀಚರ್ ಒಬ್ಬೊಬ್ಬರ ಹತ್ತಿರ ಬರುತ್ತಾರೆ. ಇದನ್ನೇ ಹೊರಗಿನವರು ಮೈಸೂರು ಸ್ಟೈಲ್ ಅನ್ನೋದು. ಒಂದು ಮೂಲೆಯಲ್ಲಿ ಹುಡುಗ ತಲೆ ಕೆಳಗೆ ಮಾಡಿ ನಿಂತಿರುತ್ತಾನೆ, ಇನ್ನೊಂದು ಕಡೆ 71 ವರ್ಷದ ಅಜ್ಜಿ ಕುರ್ಚಿ ಹಿಡಿದು ಉಸಿರು ಎಣಿಸುತ್ತಿರುತ್ತಾರೆ. ಯಾರೂ ಯಾರನ್ನೂ ನೋಡುವುದಿಲ್ಲ.

ಮ್ಯಾಟ್ ಬಗ್ಗೆ ಕೇಳುತ್ತೀರಿ, ಅದಕ್ಕೆ ಬರೆಯುತ್ತೇನೆ. ಈ ಆಸನಕ್ಕೆ ಮ್ಯಾಟ್ ಜಾರಬಾರದು, ಅದೊಂದೇ ಮುಖ್ಯ. ರೆಡ್ ಆಕ್ಸೈಡ್ ನೆಲ ಕನ್ನಡಿ ಥರ ನುಣುಪು, ನಾನು ಮೊದಲು ತಂದ ತೆಳು ಮ್ಯಾಟ್ ಎರಡು ಕಡೆಗೂ ಎಳೆದುಕೊಂಡು ಹೋಗುತ್ತಿತ್ತು. ಕಾಲು ಅಗಲಿಸಿ ನಿಂತಾಗ ಹಾಗೆ ಜಾರಿದರೆ ತೊಡೆಯ ಒಳಭಾಗಕ್ಕೆ ಏಟು ಬೀಳುತ್ತದೆ. ಸಾಕ್ಸ್ ಹಾಕಿಕೊಂಡು ಅಂತೂ ಮಾಡಲೇಬೇಡಿ. ಈಗ ರಬ್ಬರ್ ಮ್ಯಾಟ್ ಇದೆ, ಭಾರ ಜಾಸ್ತಿ, ಮೊದಲ ತಿಂಗಳು ವಾಸನೆಯೂ ಇತ್ತು, ಆದರೆ ಅಲ್ಲಾಡುವುದಿಲ್ಲ. ಇಟ್ಟಿಗೆಯ ಬದಲು ಮನೆಗೆ ಯೋಗದ ಬ್ಲಾಕ್ ತರುವವರು ಫೋಮ್ ಬೇಡ, ಕಾರ್ಕ್ ತನ್ನಿ. ಫೋಮ್ ಹಗುರ, ಕೈಯ ಭಾರ ಬಿಟ್ಟರೆ ವಾಲುತ್ತದೆ. ದುಡ್ಡು ಹಾಕಬೇಕಿಲ್ಲ ಅನ್ನಿಸಿದರೆ ದಪ್ಪ ಪುಸ್ತಕ ಎರಡು ಜೋಡಿಸಿ ಹಗ್ಗ ಕಟ್ಟಿದರೂ ಆಗುತ್ತದೆ.

ಫಲ ಏನು ಅಂತ ನೇರವಾಗಿ ಹೇಳುತ್ತೇನೆ. ಏಳನೇ ವಾರಕ್ಕೆ ಬೆರಳು ನೆಲಕ್ಕೆ ತಾಗಿತು. ನಾಲ್ಕನೇ ತಿಂಗಳಿಗೆ ಅಂಗೈ. ನೆತ್ತಿ ಈಗ ಒಂದು ಇಟ್ಟಿಗೆಯ ಮೇಲೆ ಕೂರುತ್ತದೆ, ನೆಲಕ್ಕೆ ಇನ್ನೂ ಇಲ್ಲ. ಮೊದಲ ವಾರಗಳಲ್ಲೇ ಸ್ವಲ್ಪ ಸಡಿಲ ಅನ್ನಿಸಿದಾಗ ಸ್ನಾಯು ಉದ್ದ ಆಯಿತು ಅಂದುಕೊಂಡಿದ್ದೆ. ಟೀಚರ್ ತಿದ್ದಿದರು: ಅಷ್ಟು ಬೇಗ ಯಾವ ಸ್ನಾಯುವೂ ಉದ್ದ ಆಗಲ್ಲ, ಎಳೆತ ಅಂದರೆ ಅಪಾಯ ಅಲ್ಲ ಅಂತ ನರಗಳಿಗೆ ಅಭ್ಯಾಸ ಆಗುತ್ತೆ, ಅದಕ್ಕೇ ಹೆದರಿಸಿ ಎಳೆದರೆ ಮೈ ಇನ್ನೂ ಬಿಗಿ ಹಿಡಿಯುತ್ತೆ. ನನ್ನ ಮೈಯಲ್ಲಿ ನಾನು ನೋಡಿದ್ದೂ ಹಾಗೇ. ಅವಸರ ಮಾಡಿದ ದಿನ ಕಡಿಮೆ ಬಗ್ಗಿದ್ದೇನೆ.

ಆಷಾಢ ಬರುವ ಮುಂಚೆ ಒಂದು ಭಾನುವಾರ ನಾದಿನಿ ಜೊತೆ ಚಾಮುಂಡಿ ಬೆಟ್ಟಕ್ಕೆ ಮೆಟ್ಟಿಲು ಪೂಜೆಗೆ ಹೋದೆ. ಮೈಸೂರಿನವರಿಗೆ ಗೊತ್ತು, ಸಾವಿರದಷ್ಟು ಮೆಟ್ಟಿಲು, ಒಂದೊಂದಕ್ಕೂ ಬಗ್ಗಿ ಅರಿಶಿನ ಕುಂಕುಮ ಇಟ್ಟುಕೊಂಡು ಹತ್ತುವುದು. ಹೋದ ವರ್ಷ ದೊಡ್ಡ ನಂದಿ ತನಕವೂ ಆಗಿರಲಿಲ್ಲ, ಅರ್ಧದಲ್ಲಿ ಕುಂಕುಮದ ಬಟ್ಟಲು ನಾದಿನಿ ಕೈಗೆ ಕೊಟ್ಟು ಕೂತುಬಿಟ್ಟಿದ್ದೆ. ಈ ಸಲ ಕಾಲು ಸ್ವಲ್ಪ ಅಗಲಿಸಿ, ಪೃಷ್ಠ ಹಿಂದಕ್ಕೆ ಬಿಟ್ಟು, ಉಸಿರು ಬಿಡುತ್ತಾ ಬಗ್ಗಿದೆ. ಬಟ್ಟು ಇಟ್ಟೆ. ಉಸಿರು ತೆಗೆದುಕೊಂಡು ಎದ್ದೆ. ಹೀಗೇ ಕೊನೆ ಮೆಟ್ಟಿಲವರೆಗೆ. ಮಾರನೇ ದಿನ ಮೀನಖಂಡ ನೋಯಿತು, ಸೊಂಟ ನೋಯಲಿಲ್ಲ. ಗುಡಿಯ ಮುಂದೆ ನಿಂತಾಗ ಕಣ್ಣಲ್ಲಿ ನೀರು ಬಂತು, ಅದನ್ನು ಬರೆಯದೆ ಇರುವುದು ಸರಿಯಲ್ಲ.

ಈಗ ಕೊರತೆಗಳು. ಟೀಚರ್ ಧ್ವನಿ ಬಹಳ ಮೆಲ್ಲಗೆ, ಹಿಂದಿನ ಸಾಲಿನಲ್ಲಿದ್ದರೆ ಅರ್ಧ ಕೇಳಿಸುವುದಿಲ್ಲ, ಫ್ಯಾನ್ ಹಾಕಿದರೆ ಅದೂ ಇಲ್ಲ. ಬಟ್ಟೆ ಬದಲಿಸಲು ಜಾಗ ಇಲ್ಲ, ಮನೆಯಿಂದಲೇ ಹಾಕಿಕೊಂಡು ಬರಬೇಕು. ಸಾಯಂಕಾಲದ ಬ್ಯಾಚ್ ಇಲ್ಲ. ಬೆಳಿಗ್ಗೆ ಮೈ ಬಿಗಿ ಇರುವ ಹೊತ್ತು, ನನ್ನಂಥವರಿಗೆ ಸಾಯಂಕಾಲವೇ ಸುಲಭ. ಎಷ್ಟು ಸಲ ಕೇಳಿದರೂ ಒಪ್ಪಿಲ್ಲ. ಸಂಕ್ರಾಂತಿಯ ಚಳಿಯಲ್ಲಿ ಆ ನೆಲದ ಮೇಲೆ ಬರಿಗಾಲು ಇಡುವುದು ಕಷ್ಟ. ಮುಖ್ಯವಾದ ಕೊರತೆ ಇನ್ನೊಂದು: ಎಳೆಯುವುದಕ್ಕೆ ಕೊಟ್ಟಷ್ಟು ಸಮಯ ಗಟ್ಟಿ ಮಾಡುವುದಕ್ಕೆ ಕೊಡುವುದಿಲ್ಲ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಸೇತುಬಂಧವನ್ನು (ಬೆನ್ನ ಮೇಲೆ ಮಲಗಿ, ಮಂಡಿ ಮಡಚಿ ಸೊಂಟ ಮೇಲೆತ್ತುವುದು) ನಾನು ಮನೆಯಲ್ಲಿ ಬೇರೆಯಾಗಿ ಮಾಡುತ್ತೇನೆ, ಹತ್ತು ಹತ್ತರಂತೆ ಮೂರು ಸಲ. ಅದಿಲ್ಲದೆ ನನ್ನ ಎಡಗಡೆಯ ನೋವು ಹೋಗುತ್ತಿರಲಿಲ್ಲ. ಇದನ್ನು ಟೀಚರಿಗೂ ಹೇಳಿದ್ದೇನೆ, ಬೇಜಾರು ಮಾಡಿಕೊಳ್ಳಲಿಲ್ಲ, ಯಾವಾಗ ಎಷ್ಟು ಮಾಡ್ತೀಯ ಅಂತ ಕೇಳಿ ತಿಳಿದುಕೊಂಡರು.

ಬೆವರು ಸುರಿಯಬೇಕು, ತೂಕ ಇಳಿಯಬೇಕು ಅನ್ನುವವರಿಗೆ ಈ ತರಗತಿ ಅಲ್ಲ. ಬಿಪಿ ಜಾಸ್ತಿ ಇರುವವರು, ಕಣ್ಣಿನಲ್ಲಿ ಗ್ಲಾಕೋಮಾ ಇರುವವರು, ಡಿಸ್ಕ್ ತೊಂದರೆ ಇರುವವರು ಎಲ್ಲೇ ಸೇರಿದರೂ ತಲೆ ಕೆಳಗೆ ಬಿಡುವ ಆಸನಕ್ಕೆ ಮುಂಚೆ ಡಾಕ್ಟರನ್ನು ಕೇಳಿ. ಇಲ್ಲಿ ಅಂಥವರಿಗೆ ಕುರ್ಚಿಯ ತನಕ ಮಾತ್ರ ಮಾಡಿಸುತ್ತಾರೆ, ತಲೆ ಎದೆಗಿಂತ ಕೆಳಗೆ ಹೋಗಲು ಬಿಡುವುದಿಲ್ಲ.

ತಿಂಗಳಿಗೆ 1200 ರೂಪಾಯಿ. ಒಂದು ವಾರ ಊರಿಗೆ ಹೋದರೆ ಮುಂದಿನ ತಿಂಗಳಲ್ಲಿ ಕಳೆಯುತ್ತಾರೆ, ನಾನು ಕೇಳದೇ ಅವರೇ ಕಳೆದರು. ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ. ಆ ಅರ್ಧ ಕಡಿಮೆ ಸಾಯಂಕಾಲದ ಬ್ಯಾಚಿಗೆ.

ಬೇರೆ ಊರಿನವರು ನಿಮ್ಮ ಹತ್ತಿರದ ತರಗತಿಗೆ ಸೇರುವ ಮುಂಚೆ ಒಂದು ದಿನ ಸುಮ್ನೆ ಹೋಗಿ ಮೂಲೆಯಲ್ಲಿ ಕೂತು ನೋಡಿ. ಬಗ್ಗಲು ಆಗದವರ ಹತ್ತಿರ ಟೀಚರ್ ಹೋದಾಗ ಅವರ ಕೈ ಎಲ್ಲಿಗೆ ಹೋಗುತ್ತದೆ ನೋಡಿ: ಬೆನ್ನ ಮೇಲಕ್ಕೋ, ಇಟ್ಟಿಗೆಯ ಕಡೆಗೋ. ಇಟ್ಟಿಗೆಯ ಕಡೆಗೆ ಹೋದರೆ ಆವತ್ತೇ ದುಡ್ಡು ಕಟ್ಟಿ.